ಮಾಡಿನ ಮೇಲಿನ ಹುಡುಗಿಯರು

ಕಿವಿಗೆ ಕಾಗದದ ಸುರುಳಿ ಇಟ್ಟು ಅದರ ತುದಿಗೆ ಬೆಂಕಿ ಹಚ್ಚಿದ್ದಾರೆ. ಕಾರ್ಮೆನ್ ಲೋಮಾಸ್ ಗಾರ್ಸಾ 1989ರಲ್ಲಿ ಬರೆದ, ಕಿವಿನೋವಿನ ಮನೆಮದ್ದಿನ ಚಿತ್ರವಿದು. ನೋಡಿದೊಡನೆ ನನಗೆ ಅಜ್ಜಿಯ ನೆನಪಾಯಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಿಸಿಯನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ನೋಡಿಕೊಂಡು, ಆಮೇಲೆ ನಮ್ಮ ಕಿವಿಗೆ ಬಿಡುತ್ತಿದ್ದಳು. ಸುಡುವುದೂ ವಾಸಿ ಮಾಡುವುದೂ ಒಂದೇ ಕೈ.

ನಾನಿರುವ ಟೆಕ್ಸಾಸಿನ ದಕ್ಷಿಣದ ಊರು ಕಿಂಗ್ಸ್‌ವಿಲ್‌ನಲ್ಲಿ 1948ರಲ್ಲಿ ಹುಟ್ಟಿದ ಈ ಚಿಕಾನಾ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ ಕಲಾವಿದೆಯ ತಲೆಮಾರಿನ ಮಕ್ಕಳಿಗೆ ಶಾಲೆಯಲ್ಲಿ ಮನೆಮಾತಾದ ಸ್ಪ್ಯಾನಿಷ್ ಆಡಿದರೆ ಶಿಕ್ಷೆಯಿತ್ತು. ಆ ಗಾಯಕ್ಕೆ ತನ್ನ ಚಿತ್ರಗಳು ಸುಟ್ಟಲ್ಲಿ ಸವರುವ ಲೋಳೆಸರದಂತೆ ಎಂದು ಆಕೆ ಹೇಳಿಕೊಂಡಿದ್ದಾರೆ. ಹಾಗೆಂದು ಬೆತ್ತ ಹಿಡಿದ ಮೇಷ್ಟರನ್ನು ಬರೆಯಲು ಹೋಗಲಿಲ್ಲ. ಮನೆಮಂದಿಯೆಲ್ಲ ಸೇರಿ ತಮಾಲೆ ಎಂಬ ಜೋಳದ ಹಿಟ್ಟಿನ ಕಡುಬು ಕಟ್ಟುವುದನ್ನು, ಕಲ್ಲಂಗಡಿ ತಿನ್ನುವುದನ್ನು ಬರೆದರು.

1985ರ ‘ಕಾಮಾಸ್ ಪಾರಾ ಸ್ವೆನ್ಯೋಸ್’, ಅಂದರೆ ‘ಕನಸುಗಳಿಗೆ ಹಾಸಿಗೆ’, ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ರಾತ್ರಿ ಇಬ್ಬರು ಅಕ್ಕತಂಗಿಯರು ಮನೆಯ ಮಾಡು ಹತ್ತಿ ಆಕಾಶ ನೋಡುತ್ತಿದ್ದಾರೆ. ಕೆಳಗೆ ದೀಪವಿರುವ ಕೋಣೆಯಲ್ಲಿ ತಾಯಿ ಅವರ ಹಾಸಿಗೆ ಸರಿಪಡಿಸುತ್ತಿದ್ದಾಳೆ. ಇಳಿಜಾರು ಮಾಡು, ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ತಾಯಿ ಕಿಟಕಿಗೆ ಬಂದು ಗದರುತ್ತಲೂ ಇಲ್ಲ. ತಾನೂ ಕಲಾವಿದೆಯಾಗಬೇಕೆಂದು ಆಸೆಪಟ್ಟಿದ್ದ ತಾಯಿ ಅವಳು. ಮಕ್ಕಳು ಎತ್ತರಕ್ಕೆ ಹತ್ತಲಿ, ಇಳಿದು ಬಂದಾಗ ಹಾಸಿಗೆ ಸಿದ್ಧವಿರಲಿ ಎನ್ನುವಂತಿದ್ದಾಳೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಆ ಆಕಾಶ ಹೊಸದಲ್ಲ. ಆದರೆ ನಮ್ಮಮ್ಮ ನಮ್ಮನ್ನು ಅಂಚಿನಿಂದ ದೂರ, ನಟ್ಟನಡುವೆಯೇ ಮಲಗಿಸುತ್ತಿದ್ದಳು.

ನಾವು ಹೊರನಾಡಿನವರು ಮನೆಯ ಚಿತ್ರಗಳಿಂದಲೂ ಆ ಅಂಚನ್ನು ಅಳಿಸಿಬಿಡುತ್ತೇವೆ. ಇದು ನನಗೆ ತಪ್ಪೆಂದೇ ತೋರುತ್ತದೆ. ಊರಿಗೆ ಕಳಿಸುವ ಫೋಟೊಗಳಲ್ಲಿ ರೇಷ್ಮೆ ಸೀರೆ, ಗೌರಿ ಬಾಗಿನ, ನಗು. ಊರಿನವರು ಹೆದರಬಾರದು ಎಂಬ ಕಾಳಜಿಯಿಂದಲೇ. ಮುಂದೆ ಆಲ್ಬಮ್ ತೆರೆಯುವ ಮಕ್ಕಳಿಗೆ ಮಾತ್ರ ನಾವು ಯಾವುದನ್ನು ದಾಟಿ ಬಂದೆವೆಂಬುದೇ ಕಾಣುವುದಿಲ್ಲ.

ನನ್ನ ಕೆಲಸ ಹೋಗಿ ವೀಸಾ ತೂಗುಯ್ಯಾಲೆಯಲ್ಲಿದ್ದ ವರ್ಷವೂ ನಾವು ದೀಪಾವಳಿಗೆ ಚಕ್ಕುಲಿ ಒತ್ತಿದೆವು. ಹೆಂಡತಿ ಹಿಟ್ಟು ನಾದಿದಳು, ಮಗಳು ಒರಳು ತಿರುಗಿಸಿದಳು. ಹಿಂದಿನ ಗೋಡೆಗೆ ಒರಗಿಸಿ, ಕಟ್ಟಿಟ್ಟ ನಾಲ್ಕು ಸೂಟ್‌ಕೇಸುಗಳಿದ್ದವು. ಫೋಟೊ ತೆಗೆಯುವ ಮೊದಲು ಅವನ್ನು ನಾನೇ ಪಕ್ಕದ ಕೋಣೆಗೆ ಸರಿಸಿದೆ.