ಬ್ಯಾಕಾ, ಫಾರ್ವರ್ಡಾ?

ತಿಪಟೂರಿನಿಂದ ಕಾಸರಗೋಡಿಗೆ ವರ್ಗವಾಗಿ ಬಂದ ಹೊಸತು. ಮನೆ ಸಾಮಾನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಪಕ್ಕದ ಮನೆಯ ಹುಡುಗ ಗೇಟಿನ ಹತ್ತಿರ ನಿಂತು ನನ್ನ ಮಗನನ್ನು ಕೇಳಿದ: "ನೀನು ಎಲ್ಲಿ ಆಡುವುದು? ಬ್ಯಾಕಾ, ಫಾರ್ವರ್ಡಾ?"

ಮಗ ಸ್ವಲ್ಪ ಯೋಚನೆ ಮಾಡಿ, "ನಾನು ಟ್ಯೂಷನ್‌ಗೆ ಹೋಗೋದು" ಅಂದ.

ಆ ಹುಡುಗ ನಕ್ಕಿದ್ದರೆ ನನಗೂ ಸಮಾಧಾನ ಆಗ್ತಿತ್ತು. ನಗಲಿಲ್ಲ. ಕಾಲಿಗೆ ಏನೋ ತೊಂದರೆ ಇರಬೇಕು ಅನ್ನೋ ಹಾಗೆ ಮಗನ ಮೊಣಕಾಲು ನೋಡಿ, "ಓ" ಅಂದು ಹೊರಟುಹೋದ. ಕರ್ಟನ್ ರಾಡ್ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ ನನಗೆ ಮುಖ ಬಿಸಿಯಾಯಿತು. ಅವನು "ಆಡ್ತೀಯಾ?" ಅಂತ ಕೇಳಿರಲಿಲ್ಲ ನೋಡಿ. ಫುಟ್‌ಬಾಲ್ ಆಡುವುದು ಹೇಗೂ ಇದ್ದದ್ದೇ, ಎಲ್ಲಿ ಆಡ್ತೀಯ ಅನ್ನೋದಷ್ಟೇ ಅವನ ಪ್ರಶ್ನೆ.

ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಶಾಲೆಯ ಗ್ರೌಂಡ್ ಇದೆ. ಗುಡ್ಡ ಕೆತ್ತಿ ಮಟ್ಟ ಮಾಡಿದ ಮುರಕಲ್ಲಿನ ಜಾಗ, ಬಿದ್ದರೆ ಚರ್ಮ ಉಳಿಯಲ್ಲ. ಗೇಟಿಗೆ ಬೀಗವಿಲ್ಲ. ಗೋಲು ಅಂದರೆ ನೆಟ್ಟ ಎರಡು ಅಡಿಕೆ ಮರ, ಮೇಲೊಂದು ಅಡ್ಡ. ಐದು ಗಂಟೆಗೆ ಚಿಕ್ಕ ಮಕ್ಕಳು ಬರುತ್ತಾರೆ. ಅವರನ್ನು ಓಡಿಸಿ ಕಾಲೇಜಿನವರು. ಕತ್ತಲಾಗುವ ಹೊತ್ತಿಗೆ ಗಲ್ಫಿನಿಂದ ರಜೆಗೆ ಬಂದವರು, ಹೊಟ್ಟೆ ಬಂದವರು, ಬರಿಗಾಲಿನವರು. ಮೀನು ಮಾರುವ ಕಾಕ ಒಬ್ಬರಿದ್ದಾರೆ. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಹತ್ತು ನಿಮಿಷ ಗೋಲಿಗೆ ನಿಂತು, ಎರಡು ಬಾಲ್ ಹಿಡಿದು ಮನೆಗೆ ಹೋಗುತ್ತಾರೆ. ಚೆಂಡು ಎಷ್ಟು ಸವೆದಿದೆ ಅಂದರೆ ಮೇಲಿನ ಪದರ ಕಿತ್ತು ಒಳಗಿನ ಬಟ್ಟೆ ಕಾಣುತ್ತದೆ.

ಆ ಚೆಂಡು ನೋಡಿದಾಗಲೆಲ್ಲ ನಾನು ಓದಿದ ಶಾಲೆಯ ವಾಲಿಬಾಲ್ ನೆನಪಾಗುತ್ತದೆ. ಅದು ಗಾಜಿನ ಬೀರುವಿನಲ್ಲಿ ಇರುತ್ತಿತ್ತು, ಶೀಲ್ಡು ಕಪ್ಪುಗಳ ಪಕ್ಕ. ಹೊಳೆಯುತ್ತಿತ್ತು. ಇನ್‌ಸ್ಪೆಕ್ಷನ್ ದಿನ ಹೊರಗೆ ಬಂದು, ಸಂಜೆಗೆ ಗಾಳಿ ತೆಗೆಸಿಕೊಂಡು ಒಳಗೆ ಹೋಗುತ್ತಿತ್ತು. ಕೇಳಿದರೆ ಪಿ.ಟಿ. ಮೇಷ್ಟ್ರು, "ಆಡಿದ್ರೆ ಹಾಳಾಗುತ್ತೆ ಕಣ್ರೋ" ಅನ್ನೋರು. ಮೇಷ್ಟ್ರು ಕೆಟ್ಟವರಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಆ ಬಾಲ್ ಅವರ ಹೆಸರಿನಲ್ಲಿತ್ತು. ಹರಿದರೆ ಅವರೇ ಉತ್ತರ ಹೇಳಬೇಕು. ಹರಿಯದಿದ್ದರೆ ಯಾಕೆ ಹರಿದಿಲ್ಲ ಅಂತ ಕೇಳೋರು ಯಾರೂ ಇಲ್ಲ. ಪಿ.ಟಿ. ಪೀರಿಯಡ್ಡೋ, ಅದು ಗಣಿತದ ಮೇಷ್ಟ್ರ ಪಾಲು. ನಮ್ಮ ಕಡೆಯ ತಾಲೂಕು ಕ್ರೀಡಾಂಗಣಕ್ಕೂ ಇದೇ ಗತಿ: ಆಗಸ್ಟ್ 15, ನವೆಂಬರ್ 1, ಜನವರಿ 26. ಮಿಕ್ಕ ದಿನ ವಾಕಿಂಗ್, ಇಲ್ಲಾ ಯಾವುದೋ ಪಕ್ಷದ ಸಮಾವೇಶ.

2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದ ದಿನ ಊರಿನಿಂದ ಅಣ್ಣನ ವಾಟ್ಸಾಪ್ ಬಂತು. "140 ಕೋಟಿ ಜನ, ಒಂದೂ ಚಿನ್ನ ಇಲ್ಲ. ನಾಚಿಕೆ ಆಗಬೇಕು." ಯಾರಿಗೆ ನಾಚಿಕೆ ಆಗಬೇಕು ಅಂತ ಬರೆದಿರಲಿಲ್ಲ. ನೀರಜ್ ಚೋಪ್ರಾ 89.45 ಮೀಟರ್ ಎಸೆದು ಬೆಳ್ಳಿ ತಂದಿದ್ದಕ್ಕೆ, ಇನ್ನೂ ಮೂರೂವರೆ ಮೀಟರ್ ಯಾಕೆ ಎಸೆಯಲಿಲ್ಲ ಅನ್ನೋ ಧಾಟಿ. ಇದೇ ಅಣ್ಣ ಅದರ ಹಿಂದಿನ ವರ್ಷ ಮಗಳ ಖೋ ಖೋ ಬಿಡಿಸಿದ್ದ. ಚೆನ್ನಾಗಿ ಆಡುತ್ತಿದ್ದಳು, ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಳು. "ಎಸ್ಸೆಸ್ಸೆಲ್ಸಿ ಕಣೋ, ಆಟ ಆಡ್ಕೊಂಡು ಕೂತ್ರೆ ಆಗುತ್ತಾ?" ಅಂದಿದ್ದ. ಅತ್ತಿಗೆದು ಇನ್ನೊಂದು: ದೀಪ ಹಚ್ಚೋ ಹೊತ್ತಿಗೆ ಹೆಣ್ಣುಮಗು ಮನೇಲಿರಬೇಕು.

ಅವನಿಗೆ ನಾನು ಜಮೈಕಾದ ಲೆಕ್ಕ ಕಳಿಸಿದೆ. ಪ್ಯಾರಿಸ್‌ನಲ್ಲಿ ನಮಗೆ 6 ಪದಕ, ಒಂದು ಬೆಳ್ಳಿ, ಐದು ಕಂಚು. ಜಮೈಕಾಕ್ಕೂ 6, ಅದರಲ್ಲೊಂದು ಚಿನ್ನ. ಅಲ್ಲಿನ ಜನ ಸುಮಾರು 28 ಲಕ್ಷ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯೇ 13 ಲಕ್ಷ. ಅಂದರೆ ಇಂಥ ಎರಡು ಜಿಲ್ಲೆ ಸೇರಿಸಿದರೆ ಒಂದು ಜಮೈಕಾ. ಅವರದು ರಕ್ತದಲ್ಲೇ ಬಂದದ್ದು ಅಂತ ಅಣ್ಣ ಉತ್ತರ ಕೊಟ್ಟ. ಇರಬಹುದು. ಆದರೆ ಅಲ್ಲಿ 1910ರಿಂದ ಶಾಲಾ ಮಕ್ಕಳ ಓಟದ ಕೂಟ ನಡೆಯುತ್ತಿದೆ. ಜನ ಅದಕ್ಕೆ ಚಾಂಪ್ಸ್ ಅನ್ನುತ್ತಾರೆ. ಕಿಂಗ್‌ಸ್ಟನ್‌ನ ನ್ಯಾಷನಲ್ ಸ್ಟೇಡಿಯಂ ತುಂಬಿ ತುಳುಕುತ್ತದೆ, ಶಾಲೆ ಬಿಟ್ಟು ಮೂವತ್ತು ವರ್ಷ ಆದವರೂ ತಮ್ಮ ಶಾಲೆಯ ಬಣ್ಣದ ಬಟ್ಟೆ ಹಾಕಿಕೊಂಡು ಬಂದು ಕಿರುಚುತ್ತಾರೆ. ಉಸೇನ್ ಬೋಲ್ಟ್ ಓಡಿ ಬೆಳೆದದ್ದು ಅಲ್ಲೇ. ನಮ್ಮ ತಾಲೂಕು ಕ್ರೀಡಾಕೂಟಕ್ಕೆ ಬರೋರು ಯಾರು? ಓಡುವ ಮಕ್ಕಳು, ಓಡಿಸುವ ಮೇಷ್ಟ್ರು, ಚಿತ್ರಾನ್ನದ ಡಬರಿ ತಂದವನು.

ಇಲ್ಲಿ ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನ ಗೆಳೆಯ ಒಮ್ಮೆ ತೃಕ್ಕರಿಪುರದ ಕಡೆ ಸೆವೆನ್ಸ್ ಫುಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದ. ರಾತ್ರಿ ಪಂದ್ಯ, ಫ್ಲಡ್ ಲೈಟು, ಅಡಿಕೆ ಮರ ಕಟ್ಟಿ ನಿಲ್ಲಿಸಿದ ಗ್ಯಾಲರಿ. ಕೂತಾಗ ಗ್ಯಾಲರಿ ಸಣ್ಣಗೆ ಅಲ್ಲಾಡುತ್ತದೆ, ಗೋಲಾದಾಗ ಜೋರಾಗಿ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಅಷ್ಟು ಜನ ಬಂದಿದ್ದು ಏಳೇಳು ಜನರ ಊರ ಆಟಕ್ಕೆ! ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ 2016ರ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದ ಮಹಮ್ಮದ್ ರಫಿ ಈ ಕಡೆಯವರೇ. "ನೋಡಿ ಸಾರೇ" ಅಂತ ಗೆಳೆಯ ಶುರು ಮಾಡಿದರೆ ಕಣ್ಣೂರಿಗೇ ಹೋಗಿ ನಿಲ್ಲುತ್ತಾನೆ. 1976ರಲ್ಲಿ ಸರ್ಕಾರ ಅಲ್ಲಿ ಹುಡುಗಿಯರಿಗೆ ಕ್ರೀಡಾ ವಿಭಾಗ ಶುರು ಮಾಡಿ 40 ಜನರನ್ನು ಸೇರಿಸಿಕೊಂಡಿತು. ಅವರಲ್ಲಿ ಒಬ್ಬಳು ಪಿ.ಟಿ. ಉಷಾ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್, ಸೆಕೆಂಡಿನ ನೂರರ ಒಂದು ಪಾಲಿನಲ್ಲಿ ಕಂಚು ತಪ್ಪಿತು. ಎಲ್ಲರೂ ಆ ನೂರರ ಒಂದು ಪಾಲಿಗೆ ಅಳುತ್ತಾರೆ. ನನಗೆ ಕಾಡುವುದು ಉಳಿದ ಮೂವತ್ತೊಂಬತ್ತು ಹುಡುಗಿಯರು. ಪಕ್ಕದಲ್ಲಿ ಓಡೋಕೆ ಅವರಿಲ್ಲದೆ ಉಷಾ ಯಾರ ಜೊತೆ ಓಡುತ್ತಿದ್ದಳು?

ನಾರ್ವೆಯಲ್ಲಿ ಮಕ್ಕಳಿಗೆ ಹನ್ನೊಂದು ವರ್ಷ ಆಗುವ ತನಕ ಆಟದಲ್ಲಿ ರ‍್ಯಾಂಕ್ ಪಟ್ಟಿ ಹಾಕುವ ಹಾಗಿಲ್ಲವಂತೆ. ಸುಮ್ನೆ ಆಡಬೇಕು. ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದಿತು. ಹಿಮ ಇದೆ, ಹಣ ಇದೆ, ಒಪ್ಪುತ್ತೇನೆ. ಆದರೂ ನಮ್ಮಲ್ಲಿ ಒಂದನೇ ಕ್ಲಾಸಿನ ನಿಂಬೆಹಣ್ಣು ಚಮಚದ ಓಟಕ್ಕೂ ಫಸ್ಟ್, ಸೆಕೆಂಡ್, ಥರ್ಡ್, ಸ್ಟೀಲ್ ಲೋಟ. ನಾಲ್ಕನೆಯವನು ಅವತ್ತೇ ಪ್ರೇಕ್ಷಕ.

ಇಷ್ಟೆಲ್ಲ ಬರೆದು ಅಣ್ಣನಿಗೆ ಕಳಿಸಿದೆ. ಎರಡು ದಿನ ಮಾತಿಲ್ಲ. ಆಮೇಲೆ ಒಂದೇ ಸಾಲು: "ನಿಮ್ಮ ಕೇರಳ ಎಷ್ಟು ರಣಜಿ ಗೆದ್ದಿದೆ?"

ಸತ್ಯಕ್ಕೆ ಹೇಳಬೇಕಂದ್ರೆ ಅದು ನೋಯಿಸಿತು. ಕರ್ನಾಟಕ ಎಂಟು ಸಲ ಗೆದ್ದ ರಾಜ್ಯ. ಕೇರಳ ಫೈನಲ್ ಮುಖ ನೋಡಿದ್ದೇ 2025ರಲ್ಲಿ. ಆ ಸೆಮಿಫೈನಲ್ ಇಲ್ಲಿಯ ತಳಂಗರೆಯ ಮಹಮ್ಮದ್ ಅಜರುದ್ದೀನ್‌ನ ಔಟಾಗದ 177 ರನ್ನಿನದು. ಗುಜರಾತಿನ ಕೊನೆಯ ವಿಕೆಟ್, ಫೀಲ್ಡರ್‌ನ ಹೆಲ್ಮೆಟ್ಟಿಗೆ ಬಡಿದ ಬಾಲ್ ಕ್ಯಾಚಾಗಿ ಮೊದಲ ಇನಿಂಗ್ಸಿನಲ್ಲಿ ಎರಡೇ ರನ್ನಿನ ಮುನ್ನಡೆ ಸಿಕ್ಕಿ ಫೈನಲ್ ದಾರಿ ತೆರೆದಾಗ ನಮ್ಮ ಬ್ರಾಂಚಿನಲ್ಲಿ ಟೋಕನ್ ಹಿಡಿದವರೆಲ್ಲ ಒಂದು ಮೊಬೈಲಿನ ಸುತ್ತ ಇದ್ದರು. ನಾನೂ ಇದ್ದೆ. ಫೈನಲ್‌ನಲ್ಲಿ ವಿದರ್ಭ ಕಪ್ಪು ಹೊಡೆಯಿತು.

ಹಾಗೆ ನೋಡಿದರೆ ನಮ್ಮಲ್ಲೂ ಇದೆ. ಕೊಡಗಿನಲ್ಲಿ 1997ರಿಂದ ಮನೆತನ ಮನೆತನಗಳ ನಡುವೆ ಹಾಕಿ ನಡೆಯುತ್ತದೆ. ಒಂದೇ ಮನೆಯ ಮಾವ, ಸೊಸೆ, ಮೊಮ್ಮಗ ಸ್ಟಿಕ್ ಹಿಡಿದು ಇಳಿಯುತ್ತಾರೆ. ಅಷ್ಟು ಸಣ್ಣ ಜಿಲ್ಲೆಯಿಂದ ದೇಶಕ್ಕೆ ಹಾಕಿ ಆಡಿದವರನ್ನು ಎಣಿಸಿ ನೋಡಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಮನೆ ಹತ್ತಿರ, ಬಾಗಿಲು ತೆಗೆದಿರುತ್ತಿತ್ತು. 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಮಹಿಳೆಯರ ತಂಡದಲ್ಲಿ ತಿ. ನರಸೀಪುರದ ಕುರುಬೂರಿನ ಚೈತ್ರಾ ಇದ್ದಳು. ಆಮೇಲೆ ನಮ್ಮ ಸರ್ಕಾರ 5 ಲಕ್ಷ ಕೊಡುತ್ತೇವೆ ಅಂದಾಗ, ಮಹಾರಾಷ್ಟ್ರ ತನ್ನವರಿಗೆ ಕೋಟಿಗಳ ಮಾತಾಡುತ್ತಿರುವಾಗ ಇದು ಬೇಡ ಅಂತ ಆ ಹುಡುಗಿ ಹೇಳಿದಳು. ಆ ಸುದ್ದಿ ನೋಡಿ ಅಣ್ಣನ ಮಗಳಿಗೆ ಏನನ್ನಿಸಿತೋ. ಕೇಳಲು ಧೈರ್ಯ ಬರಲಿಲ್ಲ.

ಇಲ್ಲಿಯದ್ದೂ ಅಂದುಕೊಂಡಷ್ಟು ಚಂದ ಇಲ್ಲ. ಸೆವೆನ್ಸ್ ಆಡಿ ಮಂಡಿ ಹೋದವರು ಊರಿಗೊಬ್ಬರು ಸಿಗುತ್ತಾರೆ. ಆಡಿಸಿದ ಕಮಿಟಿ ಮುಂದಿನ ಸೀಸನ್‌ಗೆ ಬೇರೆಯವರನ್ನು ತರುತ್ತದೆ. ಪಕ್ಕದ ಮನೆಯ ತಾಯಿಯನ್ನು ಒಮ್ಮೆ ಹೊಗಳಿದೆ, ಮಗನನ್ನು ಎಷ್ಟು ಆಡಲು ಬಿಡುತ್ತೀರಿ ಅಂತ. ಅವರು, "ಗ್ರೇಸ್ ಮಾರ್ಕ್ ಸಿಗ್ತದಲ್ಲ ಸಾರ್" ಅಂದರು. ಇನ್ನೊಂದು ಮಾತು, ಇದನ್ನು ಗಮನಿಸಲು ನನಗೆ ನಾಲ್ಕು ವರ್ಷ ಬೇಕಾಯಿತು. ಆ ಬೀಗವಿಲ್ಲದ ಗ್ರೌಂಡಿನಲ್ಲಿ ಸಂಜೆ ಐದರ ಮೇಲೆ ಒಬ್ಬ ಹುಡುಗಿಯನ್ನೂ ನಾನು ನೋಡಿಲ್ಲ. ನನ್ನ ಅಣ್ಣನ ಮಗಳು ಒಂಬತ್ತನೇ ಕ್ಲಾಸಿನ ತನಕವಾದರೂ ಆಡಿದಳು.

ನನ್ನ ಮಗನ ವಿಷಯ. ಅವನು ಈಗ ಗೋಲ್‌ಕೀಪರ್. ತಡವಾಗಿ ಹೋದವರನ್ನು ಅಲ್ಲೇ ನಿಲ್ಲಿಸುತ್ತಾರಂತೆ. ಕಾಕ ಬಂದರೆ ಇವನು ಬ್ಯಾಕ್. ಟ್ಯೂಷನ್ ನಾನು ಬಿಡಿಸಿಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ, ಅವನಿಗೂ ಮುಂದೆ ಸಿಇಟಿ ಇದೆ. ಏಳು ಗಂಟೆಗೆ ಹಾಕಿಸಿದ್ದೇನೆ. ಮೊನ್ನೆ ಟೀಚರ್ ಫೋನ್ ಮಾಡಿದರು. "ಸಾರ್, ಇವನು ಬೆಂಚಿನಲ್ಲೇ ಮಲಗಿದ್ದಾನೆ. ಕಾಲಿಡೀ ಕೆಂಪು ಮಣ್ಣು. ಎಬ್ಬಿಸುವುದಾ?"

ಬೇಡ ಟೀಚರ್, ನಾನೇ ಬರ್ತೀನಿ ಅಂದೆ.