ನಮ್ಮ ಟ್ಯಾಕ್ಸ್ ದುಡ್ಡಂತೆ!

ಮೊದಲೇ ಹೇಳಿಬಿಡುತ್ತೇನೆ, ಸಿಟ್ಟಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ನಿನ್ನೆ ಸಾಗರದ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟದ ಬಗ್ಗೆ ತಕರಾರಿಲ್ಲ, ಅಪ್ಪೆಹುಳಿ ಕೇಳಿ ಕೇಳಿ ಹಾಕಿಸಿಕೊಂಡೆ. ತಕರಾರು ಇರುವುದು ಪಕ್ಕದ ಎಲೆಗೆ ಕೂತಿದ್ದ ಭಾವನ ಬಗ್ಗೆ. ಬೆಂಗಳೂರಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಒಳ್ಳೆಯ ಮನುಷ್ಯ, ಅದನ್ನೂ ಹೇಳಬೇಕು. ಮಾತು ಹೇಗೋ ನಮ್ಮ ಕೊನೆಗೌಡನ, ಅಂದರೆ ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನ, ಕಡೆ ತಿರುಗಿತು. ಅವನ ಕಥೆ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಬಾಯಿ ಕ್ಯಾನ್ಸರ್. ಆಯುಷ್ಮಾನ್ ಕಾರ್ಡಲ್ಲಿ ಆಪರೇಷನ್ ಆಯಿತು ಅಂತ ನಾನು ಹೇಳಿದ್ದೇ ತಡ, ಭಾವ ಹೋಳಿಗೆ ಮೇಲೆ ತುಪ್ಪ ಬಡಿಸಿಕೊಳ್ಳುತ್ತಾ ಶುರು ಮಾಡಿದರು. "ಅಲ್ಲ ಮಾರಾಯ, ಜೀವಮಾನ ಇಡೀ ಹೊಗೆಸೊಪ್ಪು ಜಗಿದು ತಾನೇ ತಂದುಕೊಂಡ ಕಾಯಿಲೆ. ಅದಕ್ಕೆ ನಮ್ಮ ಟ್ಯಾಕ್ಸ್ ದುಡ್ಡು ಎಂತಕ್ಕೆ ಹಾಕಬೇಕು?"

ಆಚೀಚೆ ಕೂತವರೆಲ್ಲ ಹೌದು ಹೌದು ಅಂದರು. "ಫ್ರೀ ಕೊಟ್ಟು ಕೊಟ್ಟು ಜನರನ್ನ ಹಾಳು ಮಾಡಿಟ್ಟರು" ಅಂತ ಒಬ್ಬರು ಒಗ್ಗರಣೆ ಹಾಕಿದರು. ಊಟ ಮುಗಿಸಿ ಕೈ ತೊಳೆದು ಇಷ್ಟೂ ಜನ ಹೋಗಿ ಕೂತದ್ದು ಎಲ್ಲಿ ಗೊತ್ತಾ? ಕವಳದ ತಟ್ಟೆ ಸುತ್ತ. ಎಲೆಗೆ ಸುಣ್ಣ ಸವರಿ, ಅಡಿಕೆ ಹಾಕಿ, ಚೂರು ಹೊಗೆಸೊಪ್ಪು ಚಿವುಟಿ ಇಟ್ಟು, ಮಡಿಸಿ ದವಡೆಗೆ ತಳ್ಳಿಕೊಂಡು, ಅದೇ ಚರ್ಚೆ ಮುಂದುವರಿಸಿದರು. ಸುಳ್ಳಲ್ಲ.

ಭಾವನಿಗೆ ಸಕ್ಕರೆ ಕಾಯಿಲೆ ಇದೆ. ಹೃದಯಕ್ಕೆ ಸ್ಟೆಂಟ್ ಬೇರೆ ಹಾಕಿದ್ದಾರೆ. ಬಿಲ್ ಕಟ್ಟಿದ್ದು ಕಂಪನಿಯ ಇನ್ಶೂರೆನ್ಸ್. "ಅದು ಬೇರೆ ಬಿಡು, ನಂದು ಸ್ಟ್ರೆಸ್ಸಿಂದ ಬಂದಿದ್ದು" ಅಂದರು. ಸರಿ. ಎಸಿ ರೂಮಲ್ಲಿ ಕೂತವರಿಗೆ ಸ್ಟ್ರೆಸ್ಸು, ಅರವತ್ತಡಿ ಮರದ ತುದಿಯಲ್ಲಿ ನೇತಾಡುವವನಿಗೆ ಚಟ. ಹೀಗೆ ಹಂಚಿಕೊಟ್ಟವರು ಯಾರೋ!

ಈ 'ನಮ್ಮ ಟ್ಯಾಕ್ಸ್ ದುಡ್ಡು' ಅನ್ನುವುದನ್ನು ಸ್ವಲ್ಪ ಬಿಚ್ಚಿ ನೋಡೋಣ, ಯಾಕಂದರೆ ನಿನ್ನೆಯಿಂದ ಅದೇ ಕಿವಿಯಲ್ಲಿ ಗುಂಯ್‌ಗುಡುತ್ತಿದೆ.

ಭಾವನ ಕಂಪನಿ ಕಟ್ಟುವ ಪ್ರೀಮಿಯಂ ಕಂಪನಿಯ ಖರ್ಚಿನ ಲೆಕ್ಕಕ್ಕೆ ಹೋಗುತ್ತದೆ, ಅಷ್ಟು ಲಾಭ ಕಮ್ಮಿ ತೋರಿಸಬಹುದು. ಆ ಸವಲತ್ತು ಸಿಕ್ಕಿದ್ದಕ್ಕೆ ಭಾವ ಇನ್‌ಕಮ್ ಟ್ಯಾಕ್ಸ್ ಕಟ್ಟಬೇಕಾಗಿಲ್ಲ. ಮನೆಯವರಿಗೆ ಅಂತ ಬೇರೆ ಪಾಲಿಸಿ ಮಾಡಿಸಿದರೆ, ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟುವವರಿಗೆ ಆ ಪ್ರೀಮಿಯಂ ಮೇಲೆ 80ಡಿ ಅನ್ನುವ ಟ್ಯಾಕ್ಸ್ ವಿನಾಯಿತಿ. ಆ ಪಾಲಿಸಿ ಮೇಲೆ ಶೇ 18 ಜಿಎಸ್‌ಟಿ ಇತ್ತಲ್ಲ, 2025ರ ಸೆಪ್ಟೆಂಬರ್ 22ರಿಂದ ಅದನ್ನೂ ತೆಗೆದರು. ತೆಗೆದದ್ದು ಒಳ್ಳೆಯದೇ, ನಾನೂ ಖುಷಿಪಟ್ಟೆ. ಆದರೆ ಸರ್ಕಾರ ಹೀಗೆ ಬಿಟ್ಟುಕೊಡುವುದೂ ಟ್ಯಾಕ್ಸ್ ದುಡ್ಡೇ ಅಲ್ವಾ? ಕೊನೆಗೌಡನಿಗೆ ಕೊಡುವಾಗ ಕಾರ್ಡು, ರೆಫರಲ್ ಚೀಟಿ, ಹೆಬ್ಬೆಟ್ಟು, ಸಾಲು. ಭಾವನಿಗೆ ಕೊಡುವಾಗ ಯಾರಿಗೂ ಕಾಣದ ಹಾಗೆ ಲೆಕ್ಕಪತ್ರದ ಒಳಗೇ ಮುಗಿದು ಹೋಗುತ್ತದೆ. ಕಾಣುವುದಕ್ಕೆ ಮಾತ್ರ ಸಿಟ್ಟು ಬರುತ್ತದೆ.

ಇನ್ನು ಹೌದು ಹೌದು ಅಂದ ಉಳಿದವರು. ಎಲ್ಲರೂ ತೋಟಸ್ಥರು, ನನ್ನ ಹಾಗೆಯೇ. ತೋಟದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ! ಜಿಎಸ್‌ಟಿ ಕೊಡುತ್ತೇವೆ ಅಂದರೆ ಸರಿ, ಅದನ್ನು ಕೊನೆಗೌಡನೂ ಕೊಡುತ್ತಾನೆ. ಸೋಪಿಗೆ ಕೊಡುತ್ತಾನೆ, ಚಪ್ಪಲಿಗೆ ಕೊಡುತ್ತಾನೆ, ಹೊಗೆಸೊಪ್ಪಿನ ಪೊಟ್ಟಣಕ್ಕಂತೂ ಜಾಸ್ತಿಯೇ ಕೊಡುತ್ತಾನೆ. ಸಂಜೆ ಒಂದು ಕ್ವಾರ್ಟರ್ ತಗೊಂಡರೆ ಅಬಕಾರಿ ಸುಂಕ ಬೇರೆ. ನಮ್ಮ ರಾಜ್ಯ ಸರ್ಕಾರ 2025-26ಕ್ಕೆ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಗುರಿ ಅನ್ನುವುದನ್ನು ಗಮನಿಸಿ. ಇಷ್ಟು ಕುಡಿದೇ ಕುಡಿಯುತ್ತಾರೆ ಅಂತ ಬಜೆಟ್ಟಿನಲ್ಲೇ ಬರೆದಿಟ್ಟು, ಆ ದುಡ್ಡಲ್ಲಿ ರಸ್ತೆ ಮಾಡಿ, ಸಂಬಳ ಕೊಟ್ಟು, ಆಮೇಲೆ ಲಿವರ್ ಹೋದವನನ್ನು ನಾವು ಕೇಳುತ್ತೇವೆ, ನಿನಗೆ ಜವಾಬ್ದಾರಿ ಇಲ್ವಾ ಅಂತ. ಕೊನೆಗೌಡ ತನ್ನ ಕಾಯಿಲೆಯ ಪ್ರೀಮಿಯಂ ದಿನಾ ಅಂಗಡಿಯಲ್ಲಿ ಕಟ್ಟುತ್ತಲೇ ಬಂದಿದ್ದಾನೆ. ರಸೀದಿ ಕೊಟ್ಟಿಲ್ಲ ಅಷ್ಟೆ.

ಫ್ರೀ, ಫ್ರೀ ಅಂತಾರಲ್ಲ, ಎಷ್ಟು ಫ್ರೀ ಅಂತಲೂ ಹೇಳುತ್ತೇನೆ. ಈ ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ, ಒಂದೂವರೆ ಲಕ್ಷದ ಮಿತಿಯಲ್ಲಿ. (ಆ ಪಂಕ್ತಿಯಲ್ಲೂ ಆ ಕಾರ್ಡ್ ಮಾಡಿಸಿಟ್ಟುಕೊಂಡವರಿದ್ದರು, ಇರಲಿ.) ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಮಾಡಿಸಲು, ಯೋಜನೆಯ ಕಾಗದಪತ್ರ ನೋಡುವ ಆರೋಗ್ಯಮಿತ್ರರ ಮೇಜಿನ ಎದುರು ನಿಲ್ಲಲು ಅವನ ಜೊತೆ ನಾನೇ ಓಡಾಡಿದವನು. ಅಷ್ಟೊತ್ತಿಗೆ ಅವನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಎರಡು ಬೆರಳು ಒಳಗೆ ಹೋಗುವಷ್ಟೂ ಜಾಗ ಇಲ್ಲ. ಅನ್ನದ ತುತ್ತು ಹೋಗುವುದಿಲ್ಲ, ಗಂಜಿಯನ್ನು ಚಮಚದಲ್ಲಿ ಒಂದು ಬದಿಯಿಂದ ಬಿಟ್ಟುಕೊಳ್ಳುತ್ತಿದ್ದ. ಖಾರ ತಾಗಿದರೆ ಕಣ್ಣಲ್ಲಿ ನೀರು. ಆಪರೇಷನ್‌ನಲ್ಲಿ ದವಡೆಯ ಒಂದು ಭಾಗ ತೆಗೆದರು. ಎದೆಯಿಂದ ಮಾಂಸ ತಂದು ಆ ಜಾಗ ತುಂಬಿದರು. ಡಾಕ್ಟರು, ನರ್ಸುಗಳು ಚೆನ್ನಾಗಿ ನೋಡಿಕೊಂಡರು, ದೂರಿಲ್ಲ. ಆಪರೇಷನ್ನಿಗೆ ಒಂದು ಪೈಸೆ ತಗೊಳ್ಳಲಿಲ್ಲ.

ಆಮೇಲೆ ರೇಡಿಯೇಷನ್. ವಾರಕ್ಕೆ ಐದು ದಿನದಂತೆ ಆರು ವಾರ. ಒಂದೊಂದು ಸಲಕ್ಕೆ ಮಲಗಿ ಏಳುವುದು ಕೆಲವೇ ನಿಮಿಷ. ಆದರೆ ಅಲ್ಲೇ ಇರಬೇಕಲ್ಲ? ರೂಮಿನ ಬಾಡಿಗೆ ಯಾವ ಯೋಜನೆಯಲ್ಲೂ ಇಲ್ಲ. ಬಸ್ಸಿನ ಖರ್ಚಿಲ್ಲ. ಹೆಂಡತಿ ಜೊತೆಗಿರಬೇಕು, ಅವಳ ಕೂಲಿಯೂ ಹೋಯಿತು. ಒಂದು ಹಸು ಇತ್ತು, ಮಾರಿದರು. ತಾನೇ ತಂದುಕೊಂಡಿದ್ದಕ್ಕೆ ಅವನು ಏನೂ ತೆರಲಿಲ್ಲ ಅನ್ನುವವರು ಒಂದು ಸಲ ಅವನ ಮನೆ ಕೊಟ್ಟಿಗೆ ನೋಡಿ ಬರಬಹುದು. ದವಡೆ ಹೋದದ್ದನ್ನು ಬೇಕಾದರೆ ಲೆಕ್ಕಕ್ಕೆ ಹಿಡಿಯುವುದು ಬೇಡ.

ಈಗ ಬುದ್ಧಿವಂತರ ವಾದಕ್ಕೆ ಬರೋಣ. ಕಾಯಿಲೆ ಆದರೆ ಯಾರೋ ಕೊಡುತ್ತಾರೆ ಅಂತ ಗೊತ್ತಿದ್ದರೆ ಜನ ಹುಷಾರಾಗಿ ಇರುವುದಿಲ್ಲ, ಅದಕ್ಕೆ ಸ್ವಲ್ಪವಾದರೂ ಬಿಸಿ ಮುಟ್ಟಿಸಬೇಕು ಅಂತ. ಕೇಳಲು ಚೆನ್ನಾಗಿದೆ. ಖಾಸಗಿ ಕಂಪನಿಗಳು ಜೀವವಿಮೆಯ ಟರ್ಮ್ ಪಾಲಿಸಿಯಲ್ಲಿ ಸಿಗರೇಟು ಸೇದುವವರಿಗೆ ಜಾಸ್ತಿ ಪ್ರೀಮಿಯಂ ಹಾಕುತ್ತವೆ, ಅದು ವ್ಯಾಪಾರ, ಮಾಡಿಕೊಳ್ಳಲಿ. ಆದರೆ ಮುಂದೊಂದು ದಿನ ದವಡೆಯನ್ನು ಬಿಟ್ಟಿಯಾಗಿ ಕತ್ತರಿಸಿಕೊಡುತ್ತಾರೆ ಎಂಬ ಧೈರ್ಯದ ಮೇಲೆ ಹೊಗೆಸೊಪ್ಪು ಶುರು ಮಾಡಿದ ಒಬ್ಬನನ್ನು ತೋರಿಸಿ ನೋಡೋಣ. ಹದಿನಾಲ್ಕನೇ ವಯಸ್ಸಿಗೆ ಕೂಲಿಗೆ ಬಂದ ಹುಡುಗ ಆಯುಷ್ಮಾನ್ ಯೋಜನೆಯ ನಿಯಮ ಓದಿ ಚಟ ಹತ್ತಿಸಿಕೊಳ್ಳಲಿಲ್ಲ. ಯೋಜನೆ ಬಂದದ್ದೇ 2018ರಲ್ಲಿ ಸ್ವಾಮಿ.

ಜಪಾನಿನಲ್ಲಿ ಸೊಂಟ ಅಳೆಯುತ್ತಾರೆ ಗೊತ್ತಾ ಅಂತ ನಿನ್ನೆಯೂ ಒಬ್ಬರು ಹೇಳಿದರು. ಹೌದು, 2008ರಿಂದ ಅಳೆಯುತ್ತಾರೆ. ಮಿತಿ ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ಆದರೆ ಸೊಂಟ ದಪ್ಪ ಅಂತ ಅಲ್ಲಿ ಯಾರ ಚಿಕಿತ್ಸೆಯನ್ನೂ ನಿಲ್ಲಿಸುವುದಿಲ್ಲ. ಹಣದ ಬಿಸಿ ತಾಗುವುದು ಗುರಿ ಮುಟ್ಟದ ವಿಮಾ ಸಂಘಗಳಿಗೆ. ಅದನ್ನು ಮಾತ್ರ ಫಾರ್ವರ್ಡ್ ಮೆಸೇಜಿನಲ್ಲಿ ಯಾರೂ ಬರೆಯುವುದಿಲ್ಲ.

ಸುಮ್ನೆ ಯೋಚಿಸಿ, ಕಾಯಿಲೆ ತಾನೇ ತಂದುಕೊಂಡದ್ದೋ ಅಲ್ಲವೋ ಅಂತ ತೀರ್ಮಾನ ಮಾಡುವವರು ಯಾರು? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಅವರಷ್ಟು ಮೈ ಕಾಪಾಡಿಕೊಂಡವರು ನಮ್ಮಲ್ಲಿ ಕಮ್ಮಿ. ಅಂಥವರನ್ನೂ ಜನ ಬಿಡಲಿಲ್ಲ. ಜಿಮ್ ಜಾಸ್ತಿಯಾಯಿತು ಅಂದರು! ದಪ್ಪ ಇದ್ದರೆ ತಿಂದು ತಂದುಕೊಂಡ, ಗಟ್ಟಿ ಇದ್ದರೆ ಕಸರತ್ತು ಮಾಡಿ ತಂದುಕೊಂಡ. ಈಗ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಇದೆ, ಹೃದಯಾಘಾತ ಅಂತ ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ದುಬಾರಿ ಇಂಜೆಕ್ಷನ್ ಉಚಿತ. ಇಂಜೆಕ್ಷನ್ ಚುಚ್ಚುವ ಮುಂಚೆ, ನೀನು ಬೀಡಿ ಸೇದುತ್ತಿದ್ದೆಯಾ, ಬೋಂಡಾ ಎಷ್ಟು ತಿನ್ನುತ್ತಿದ್ದೆ ಅಂತ ವಿಚಾರಣೆ ನಡೆಸಿದ್ದರೆ ಎಷ್ಟು ಜನ ಉಳಿಯುತ್ತಿದ್ದರು?

ನಮ್ಮ ಕಡೆಯ ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿತು, ಇವತ್ತಿಗೂ ಬಿಟ್ಟಿಲ್ಲ. ಕಾಡಿಗೆ ಹೋದವರಿಗೆ ಉಣ್ಣೆ ಹುಳ ಕಚ್ಚಿ ಬರುವುದು. ಹೋಗಬೇಡಿ, ಹೋದರೆ ಎಣ್ಣೆ ಹಚ್ಚಿಕೊಂಡು ಹೋಗಿ ಅಂತ ಆರೋಗ್ಯ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ಆದರೂ ಜನ ದರಗು (ಒಣಗಿದ ಎಲೆ) ತರಲು, ಸೌದೆ ತರಲು ಹೋಗುತ್ತಾರೆ. ತಾನೇ ಹೋಗಿ ತಂದುಕೊಂಡದ್ದು ಅಂತ ಅವರನ್ನು ಆಸ್ಪತ್ರೆಯಿಂದ ಹೊರಗೆ ಹಾಕೋಣವೇ? ಇಲ್ಲ ತಾನೆ. ಯಾಕಂದರೆ ಆ ದರಗು ಬಂದು ಬೀಳುವುದು ನಮ್ಮ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ನಮ್ಮ ತೋಟಕ್ಕೆ.

ತೋಟ ಅಂದೆನಲ್ಲ. ಇನ್ನು ನಾನು ಹೇಳುವುದು ನಮ್ಮವರಿಗೆ ಸೇರುವುದಿಲ್ಲ.

ನಾನು ಓದಿದ್ದು ಅಡಿಕೆ ದುಡ್ಡಲ್ಲಿ. ಮನೆಗೆ ಮಹಡಿ ಹಾಕಿದ್ದು, ತಂಗಿ ಮದುವೆ ಮಾಡಿದ್ದು, ಈ ಫೋನು ಕೂಡ. ನಮ್ಮ ಕೆಂಪಡಿಕೆ ಹೋಗುವುದು ಎಲ್ಲಿಗೆ ಅಂತ ಮಂಡಿಗೆ ಹೋದ ಮಕ್ಕಳಿಗೂ ಗೊತ್ತು. ಉತ್ತರದ ಪಾನ್ ಮಸಾಲ ಕಂಪನಿಗಳಿಗೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಕಂಪನಿಗಳು ಎಂತ ಮಾಡಿದವು? ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಜೋತುಬಿದ್ದಿರುತ್ತವೆ. ಹರಿದು ಬೆರೆಸಿ ಬಾಯಿಗೆ ಹಾಕಿಕೊಳ್ಳುವುದು ಗಿರಾಕಿಯ ಕೆಲಸ. ಹಾಗಾಗಿ ಜವಾಬ್ದಾರಿಯೂ ಅವನದೇ! ಟಿವಿಯಲ್ಲಿ ದೊಡ್ಡ ದೊಡ್ಡ ನಟರು ಅದೇ ಹೆಸರಿನ ಏಲಕ್ಕಿ ತಿಂದು ನಗುತ್ತಾರೆ. ಏಲಕ್ಕಿ ಮಾರಿ ಅಷ್ಟು ದುಡ್ಡು ಬರುವ ಹಾಗಿದ್ದರೆ ನಮ್ಮ ಮಲೆನಾಡಿನವರು ಅಡಿಕೆ ಕಿತ್ತು ಏಲಕ್ಕಿಯನ್ನೇ ನೆಡುತ್ತಿದ್ದರು.

ಹೊಗೆಸೊಪ್ಪಿನ ಮೇಲೆ ಎಲ್ಲ ತಪ್ಪು ಹೊರಿಸಿ ನಾವು ಪಾರಾಗುವ ಹಾಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ತಂಬಾಕು ಇಲ್ಲದಿದ್ದರೂ. ಇದನ್ನು ಬರೆದದ್ದಕ್ಕೆ ಕಳೆದ ಸಲ ಮಾವನೊಬ್ಬರು ಫೋನ್ ಮಾಡಿ ಬೈದರು. ಅಜ್ಜ ತೊಂಬತ್ತು ವರ್ಷ ಕವಳ ಹಾಕಿದ್ದ, ಎಂತ ಆಗಿತ್ತು ಅಂತ. ಎಂತ ಆಗಲಿಲ್ಲ, ಅಜ್ಜನ ಅದೃಷ್ಟ. ಅಜ್ಜ ಮರ ಹತ್ತಿರಲಿಲ್ಲ ಕೂಡ.

ಕೊನೆಗೌಡ ಹತ್ತುತ್ತಿದ್ದ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಒಂದು ಮರ ಹತ್ತಿದರೆ, ಇಳಿಯದೆ ಮರದಿಂದ ಮರಕ್ಕೆ ಬಗ್ಗಿಸಿಕೊಂಡು ದಾಟುತ್ತಾ ಹೋಗುತ್ತಿದ್ದ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲೂ ಅವನೇ, ಜಾರುವ ಮರಕ್ಕೆ. ಬೆಳಿಗ್ಗೆ ಬಂದ ಕೂಡಲೇ ಅವನ ಮುಂದೆ ಕವಳದ ತಟ್ಟೆ ಇಟ್ಟು "ಮೊದಲು ಕವಳ ಹಾಕು" ಅನ್ನುವುದು ನಮ್ಮ ಮನೆ ಪದ್ಧತಿ. ಎಲ್ಲರ ಮನೆ ಪದ್ಧತಿ. ಹೊಗೆಸೊಪ್ಪು ನಾವೇ ತಂದಿಟ್ಟದ್ದು. ಹಸಿವು ಗೊತ್ತಾಗುವುದಿಲ್ಲ, ಚಳಿ ಗೊತ್ತಾಗುವುದಿಲ್ಲ, ಕೆಲಸ ಸಾಗುತ್ತದೆ. ಸಾಗಿದ್ದು ಯಾರ ಕೆಲಸ? ಅಮ್ಮ ಈಗಲೂ ಆ ತಟ್ಟೆ ತೊಳೆದು ಇಡುತ್ತಾಳೆ. ಕೆಲಸಕ್ಕೆ ಬರುವ ಹೊಸ ಹುಡುಗನಿಗೆ ಕೊಡಬೇಡ ಅಂದರೆ, ಕೊಡದಿದ್ದರೆ ಅವನು ಪಕ್ಕದ ಮನೆ ಕೆಲಸಕ್ಕೆ ಹೋಗುತ್ತಾನೆ ಅನ್ನುತ್ತಾಳೆ. ಅವಳು ಹೇಳುವುದೂ ನಿಜವೇ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಜವಾಬ್ದಾರಿ ಬೇಡ ಅಂತ ನಾನೆಲ್ಲೂ ಹೇಳುತ್ತಿಲ್ಲ. ಇರಲಿ. ತಿಂದವನ ಪಾಲು ತಿಂದವನಿಗಿರಲಿ, ಅವನು ಈಗಾಗಲೇ ತೆತ್ತಿದ್ದಾನೆ. ಪೊಟ್ಟಣ ಮಾಡಿದವನ ಪಾಲು, ಏಲಕ್ಕಿ ನಟನ ಪಾಲು, ಸುಂಕ ಎಣಿಸಿಕೊಂಡ ಸರ್ಕಾರದ ಪಾಲು, ಬೆಳೆದು ಮಾರಿದ ನನ್ನ ಪಾಲು, ಇವು ಎಲ್ಲಿ? ದವಡೆ ಕಳಕೊಂಡವನ ಒಬ್ಬನ ಹತ್ತಿರವೇ ಎಲ್ಲರ ಬಿಲ್ಲನ್ನೂ ಕೇಳುತ್ತಾರಲ್ಲ, ನನಗೆ ಉರಿಯುವುದು ಅಲ್ಲಿ.

ಹೋಗಲಿ, ಸರ್ಕಾರ, ಕಂಪನಿ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಕೈಲಿರುವುದನ್ನು ಹೇಳುತ್ತೇನೆ. ಅಡಿಕೆ ಕ್ವಿಂಟಾಲಿಗೆ ಹತ್ತಾರು ಸಾವಿರ ಸಿಗುತ್ತದೆ. ಸೊಸೈಟಿಯಲ್ಲಿ ಮಾರುವಾಗ ಕಿಲೋಗೆ ಒಂದು ರೂಪಾಯಿ ಮುರಿದುಕೊಳ್ಳಲಿ. ಕ್ವಿಂಟಾಲಿಗೆ ನೂರು ರೂಪಾಯಿ ಆಯಿತು, ತೂಕದಲ್ಲಿ ಹೋಗುವ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ. ಆ ದುಡ್ಡು ನಮ್ಮ ತೋಟಗಳಲ್ಲಿ ದುಡಿಯುವವರ ಬಸ್ಸಿಗೆ, ರೂಮಿಗೆ, ಆರು ವಾರದ ಕೂಲಿಗೆ. ವರ್ಷಕ್ಕೊಂದು ಸಲ ಹಲ್ಲಿನ ಡಾಕ್ಟರನ್ನು ಕರೆಸಿ ಎಲ್ಲರ ಬಾಯಿ ನೋಡಿಸಲಿಕ್ಕೆ. ಬಿಳಿ ಕಲೆ ಇದ್ದಾಗಲೇ ಕಂಡರೆ ಎಷ್ಟೋ ದವಡೆ ಉಳಿಯುತ್ತವೆ.

ಈ ಸಲದ ಸೊಸೈಟಿ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳುವವನಿದ್ದೇನೆ. ಬೆಂಬಲ ಕೊಡುವವರು ಬನ್ನಿ. ಬೈಯುವವರು ಇಲ್ಲೇ ಕೆಳಗೆ ಬೈಯಿರಿ, ನಾನು ಅಳಿಸುವುದಿಲ್ಲ. ಆದರೆ ಮೊದಲ ಸಾಲಲ್ಲಿ ನಿಮ್ಮ ತೋಟದಲ್ಲಿ ಹೋದ ವರ್ಷ ಎಷ್ಟು ಕ್ವಿಂಟಾಲ್ ಆಯಿತು ಅಂತ ಬರೆದು, ಆಮೇಲೆ ಬೈಯಿರಿ.