ಪರೀಕ್ಷೆ ಬಂತೆಂದು ಕರೆ ಪೂರ್ತಿ ನಿಲ್ಲಿಸಬೇಕಿಲ್ಲ

ಎಂಬಿಬಿಎಸ್ ಪರೀಕ್ಷೆ ಮುಗಿಯುವ ತನಕ ದೂರದೂರಿನ ಸಂಗಾತಿಗೆ ಕರೆಯೇ ಬೇಡ ಅನ್ನುವ ಲೇಖನವೊಂದರ ಸಲಹೆ ಒಪ್ಪಲಾರೆ. ಮೊದಲ ವರ್ಷದಲ್ಲೇ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಸೇರಿ 6 ಪತ್ರಿಕೆ, ಆಮೇಲೆ ಪ್ರಾಕ್ಟಿಕಲ್, ವೈವಾ (ಮೌಖಿಕ ಪರೀಕ್ಷೆ). ಅಷ್ಟು ದಿನ ಮೌನವಿದ್ದರೆ ಅನುಮಾನ ಬೆಳೆಯುತ್ತದೆ. ರಾತ್ರಿ ಊಟದ ಹೊತ್ತಿಗೆ 15 ನಿಮಿಷ ಮಾತಾಡಿ, ಸಾಕು. ಮಲಗುವ ಮುಂಚೆ ಮಾತ್ರ ಬೇಡ: ಜಗಳವಾದರೆ ನಿದ್ದೆ ಕೆಡುತ್ತದೆ, ಓದಿದ್ದು ನೆನಪಲ್ಲಿ ಗಟ್ಟಿಯಾಗಲು ಆ ನಿದ್ದೆ ಬೇಕೇ ಬೇಕು. ಪತ್ರಿಕೆ ಬರೆದು ಬಂದವರನ್ನು "ಎಷ್ಟು ಬರುತ್ತೆ?" ಅಂತ ದಯವಿಟ್ಟು ಕೇಳಬೇಡಿ. ಪರೀಕ್ಷೆ ಬರೆಯುವವರು ಸಂಗಾತಿಗೆ ವೇಳಾಪಟ್ಟಿಯ ಫೋಟೊ ಮೊದಲೇ ಕಳಿಸಿ, ನಿಮ್ಮ ವೈವಾ ಬ್ಯಾಚ್ ಯಾವ ದಿನ ಅನ್ನುವುದನ್ನೂ ಸೇರಿಸಿ. ಸಂಗಾತಿ ಜರ್ಮನಿಯಲ್ಲಿದ್ದರೆ ನೆನಪಿಡಿ, ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ನಮಗೂ ಅಲ್ಲಿಗೂ ಸಮಯದ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಗೆ ಏರುತ್ತದೆ.